ಮಾವನವರ ರಿವಾಲ್ವರ್ ಮತ್ತು ಖಂಡೇಪೂಜೆ

ಮಸ್ಕಿಯ ಮಾವನವರು ತೀರಿಕೊಂಡಾಗ ಹೊಲ ಮೈದುನನಿಗೆ ಹೋಯಿತು, ರಿವಾಲ್ವರ್ ನನ್ನ ಪಾಲಿಗೆ ಬಂತು. ಗಣಿಯ ದೊರೆಯೊಬ್ಬ ಊರು ಬಿಡುವಾಗ ಅವರಿಗೆ ಕೊಟ್ಟು ಹೋದದ್ದಂತೆ. ಹಳೇ ಕಾಲದ್ದು. ಒಂದೊಂದು ಗುಂಡಿಗೂ ಹಿಂಬದಿಯ ಕುದುರೆಯನ್ನು, ಅಂದರೆ ಗುಂಡಿಗೆ ಬಡಿಯುವ ಕೊಕ್ಕೆಯನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಇಲ್ಲದಿದ್ದರೆ ಹಾರುವುದಿಲ್ಲ. ಇದನ್ನೇ ಮಾವನವರು ಊರೆಲ್ಲ ಹೊಗಳುತ್ತಿದ್ದರು. ಒಳಗೆ ಗುಂಡು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೇಳದೆ ಹೋದರು. ತೆರೆದು ನೋಡಬಹುದಿತ್ತಲ್ಲ ಎನ್ನುವವರು ನನ್ನಂಥ ಗಂಡಸನ್ನು ಕಂಡವರಲ್ಲ.

ಸಿಂಧನೂರಿನ ನಮ್ಮ ಮನೆಯಲ್ಲಿ ಅದು ಪೆಟ್ಟಿಗೆಯಲ್ಲಿತ್ತು. ನಳಿಕೆ ಗೋಡೆಯ ಕಡೆಗಿರುವಂತೆ ಇಟ್ಟಿದ್ದೆ. ಗೋಡೆಯಾಚೆ ಪಕ್ಕದ ಮನೆಯವರ ಎಮ್ಮೆ ಕಟ್ಟಿರುತ್ತದೆಂದು ಹೊಳೆದ ಮೇಲೆ ಆ ನೆಮ್ಮದಿಯೂ ಹೋಯಿತು. ಈ ಪೀಡೆ ಮನೆ ಬಿಟ್ಟರೆ ಸಾಕಾಗಿತ್ತು. ಅಪ್ಪನ ನೆನಪೆಂದು ಹೆಂಡತಿ ಬಿಡಲೊಲ್ಲಳು.

ಒಂದು ದಸರೆಗೆ ಸರಕಾರದ ಹುಕುಂ ಬಂತು: ಲೈಸೆನ್ಸ್ ಇದ್ದವರೆಲ್ಲ ಆಯುಧವನ್ನು ಲಿಂಗಸುಗೂರಿನ ಕಚೇರಿಗೆ ತಂದು ತೋರಿಸಬೇಕು, ತಾರದಿದ್ದರೆ ಜಪ್ತಿ. ಕಡೆಯ ದಿನ ಖಂಡೇಪೂಜೆಯಂದೇ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ರಿವಾಲ್ವರ್ ಕುಡುಗೋಲು, ಕೊಡಲಿಗಳ ನಡುವೆ ಮಣೆಯ ಮೇಲೆ ಕುಳಿತಿದೆ. ವರ್ಷವರ್ಷದಂತೆ ಕುದುರೆಯ ಸಂದಿಗೆ ತುಪ್ಪದಲ್ಲಿ ಕಲಸಿದ ಕುಂಕುಮ, ಮೇಲೆ ವಿಭೂತಿ.

“ಎತ್ತಿ ಕೊಡು, ಮೋಟಾರು ಹೋಗ್ತೈತಿ,” ಎಂದೆ ಹೆಂಡತಿಗೆ.

“ಖಂಡೇಕ ಕುಂದ್ರಿಸಿದ್ದನ್ನ ಎತ್ತು ಅನ್ನಾಕ ನಿಮಗ ಬಾಯಿ ಹ್ಯಾಂಗ ಬಂತ್ರಿ? ಬನ್ನಿ ಮುಡಿಯೋತನಾ ಇಲ್ಲಿ ಕುಡುಗೋಲು ಸೈತ ಅಲುಗಾಡಂಗಿಲ್ಲ.”

“ಜಪ್ತಿ ಮಾಡ್ತಾರ.”

“ಬರ್ಲಿ. ದೇವರ ಮುಂದ ಕೈ ಹಾಕ್ಲಿ, ನೋಡೂನು.”

ಮುಖ ಸಪ್ಪಗೆ ಮಾಡಿಕೊಂಡೆ, ಒಳಗೊಳಗೆ ಹಿಗ್ಗಿದೆ. ಬರಿಗೈಯಲ್ಲಿ ಲಿಂಗಸುಗೂರಿಗೆ ಹೋಗಿ ಪೊಲೀಸ್ ಕಚೇರಿಯ ಅಮೀನ ಸಾಹೇಬರ ಮುಂದೆ ನಿಂತೆ. “ಪೂಜಾಕ ಇಟ್ಟಾರ್ರಿ, ತರಾಕ ಆಗಲಿಲ್ಲ. ಹುಕುಂ ಅಂದ್ರ ಹುಕುಂ. ಜಪ್ತಿ ಮಾಡೇಬಿಡ್ರಿ.”

“ತೋಬಾ ತೋಬಾ! ಪೂಜಾದಾಗಿನ ಚೀಜ್‌ಗೆ ಕೈ ಹಾಕಿ ನಾ ಯಾಕ ಗುನ್ಹಾ ಕಟ್ಕೊಳ್ಲಿ? ಬನ್ನಿ ಆಗ್ಲಿ, ಆರಾಮ ತಗೊಂಡು ಬರ್ರಿ. ಫಿಕರ್ ಮಾಡಬ್ಯಾಡ್ರಿ.”

ಫಿಕರ್ ಮಾಡಬೇಡ ಎಂದು ನನಗೆ! ಮೀನಿಗೆ ಈಜಬೇಡ ಎಂದಂತೆ.

ಬನ್ನಿಯ ಮರುದಿನ ಅದನ್ನು ಕೈಚೀಲದಲ್ಲಿಟ್ಟು ಮೋಟಾರು ಹತ್ತಿದೆ. ಮಸ್ಕಿಯಲ್ಲಿ ಹತ್ತಿದ ಮುದುಕನೊಬ್ಬ ಚೀಲಕ್ಕೇ ಒರಗಿ ಕುಳಿತ.

“ಸರೀರಿ ಯಜಮಾನ್ರ, ಒಳಗ ಸಾಮಾನ ಐತಿ.”

“ಏನೈತಿ, ರೊಟ್ಟಿನಾ? ಮುರಿದ್ರ ಮುರೀಲಿ ಬಿಡು, ಹ್ಯಾಂಗೂ ಮುರದಽ ತಿನ್ನೂದು.”

ಲಿಂಗಸುಗೂರು ಬರುವತನಕ ನಾನು ಉಸಿರು ಬಿಟ್ಟ ನೆನಪಿಲ್ಲ.

ಅಮೀನ ಸಾಹೇಬರು ಹೆಬ್ಬೆರಳಿನಿಂದ ಕುದುರೆ ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಎಳೆದರು. ವರ್ಷಗಟ್ಟಲೆಯ ತುಪ್ಪ, ಕುಂಕುಮ, ವಿಭೂತಿ ಸೇರಿ ಗಾರೆಯಾಗಿ ಕೂತಿದ್ದವು. ಕುದುರೆ ಏಳದೆ ಗುಂಡು ತುಂಬುವ ಗಾಲಿಯೂ ತಿರುಗದು. ಮುಂದಿನಿಂದ ಬಗ್ಗಿ ನೋಡಿ, “ಗುಂಡಿನ ಮನಿ ಆರು, ಐದು ಖಾಲಿ,” ಎಂದರು.

“ಆರನೇದ್ರಿ?”

“ಅದು ನಳಿಕಿ ಹಿಂದ ಮುಚ್ಚೈತಿ. ಬೇಕಾದ್ರ ನಳಿಕಿಗೆ ಕಣ್ಣು ಹಚ್ಚಿ ನೋಡ್ರಿ.”

ಕೈ ಮುಗಿದೆ.

“ಇದು ಹಾರೂದಲ್ಲ ರೀ. ಹಾರದ್ದಕ್ಕ ಲೈಸೆನ್ಸ್ ಯಾಕ, ಜಪ್ತಿ ಯಾಕ? ಮನ್ಯಾಗ ಇಟ್ಕೋರಿ, ಹೋಗ್ರಿ.” ಜಪ್ತಿಗೆಂದು ಒಯ್ದದ್ದಕ್ಕೆ ಕಾಯಂ ವಾಸದ ಪರವಾನಗಿ ಸಿಕ್ಕಿತು. ಮನೆಗೆ ತಂದಾಗ ಹೆಂಡತಿ ಆರತಿ ಎತ್ತಿದಳು, ಅದಕ್ಕೆ.

ನಮ್ಮ ಸೀಮೆಯ ಬೇಸಿಗೆಯಲ್ಲಿ ತುಪ್ಪ ನೀರಾಗುತ್ತದೆ, ಕುದುರೆ ಸಡಿಲಾಗುತ್ತದೆ ಎಂಬುದು ನನಗೆ ಆಮೇಲೆ ಹೊಳೆಯಿತು. ಶಿವರಾತ್ರಿ ಕಳೆದ ಕೂಡಲೇ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹಾಸತೊಡಗಿದೆ. ಒಣಗಿದಂತೆಲ್ಲ ನೀರು ಚಿಮುಕಿಸುತ್ತೇನೆ.

“ಏನ್ ಮಾಡಾಕತ್ತೀರಿ?” ಎಂದಳು ಹೆಂಡತಿ.

“ನಿಮ್ಮಪ್ಪನ ನೆನಪಿಗೆ ಸೆಕಿ ಆದೀತಂತ.”

ಅವಳ ಕಣ್ಣು ತುಂಬಿ ಬಂತು. ಇನ್ನೊಂದು ತಂಬಿಗೆ ನೀರು ತಂದುಕೊಟ್ಟಳು.