ಏಳು ನಿಮಿಷ ತಡ

ನನಗೊಂದು ಕೆಟ್ಟ ಚಾಳಿ. ಯಾವುದೇ ಆಗಲಿ, ‘ಯಾಕೆ’ ಅಂತ ಗೊತ್ತಾಗದಿದ್ದರೆ ಉಂಡದ್ದು ಅರಗುವುದಿಲ್ಲ. ಇಪ್ಪತ್ತೇಳು ವರ್ಷ ಕಂಡಕ್ಟರ್ ಕೆಲಸ ಮಾಡಿದವನಿಗೆ ಊರ ಉಸಾಬರಿ ಅಂಟಿಕೊಳ್ಳದೆ ಇರುತ್ತದೆಯೇ? ಹಾಗಾಗಿ ನಮ್ಮ ಬಸ್ಸಿನ ಡ್ರೈವರಮ್ಮ ಹೆರಿಗೆ ರಜೆ ಮುಗಿಸಿ ಬಂದ ವಾರ ನನಗೆ ನೆಮ್ಮದಿಯೇ ಇರಲಿಲ್ಲ.

ಪ್ರಯಾಣಿಕರೆಲ್ಲ ಅವಳನ್ನು ಬಿರುಗಾಳಿ ಅನ್ನುತ್ತಿದ್ದರು. ಒಂಬತ್ತು ವರ್ಷ ಒಂದೇ ರೂಟು, ಒಂದು ದಿನವೂ ತಡವಿಲ್ಲ. ಅವಳ ಬಸ್ಸಿನಲ್ಲಿ ನಿಂತವರಿಗೆ ಕಂಬಿಯೇ ದೇವರು. ಆರು ತಿಂಗಳ ನಂತರ ಸೋಮವಾರ ಬಂದಳು. ಸೀಟು ಮುಂದಕ್ಕೆಳೆದುಕೊಂಡಳು, ಬದಲಿ ಡ್ರೈವರ್ ತಿರುಗಿಸಿಟ್ಟಿದ್ದ ಕನ್ನಡಿಗಳನ್ನು ಬೈದುಕೊಂಡೇ ಸರಿಮಾಡಿದಳು, ಹೊರಟಳು. ಎಲ್ಲ ಮೊದಲಿನಂತೆಯೇ. ಆದರೆ ಕೊನೆಯ ಸ್ಟಾಪ್ ತಲುಪಿದಾಗ ಏಳು ನಿಮಿಷ ತಡ. ಮಂಗಳವಾರವೂ ಏಳು. ರಸ್ತೆ ಖಾಲಿ, ಸಿಗ್ನಲ್ಲುಗಳೆಲ್ಲ ಹಸಿರು, ಇಂಜಿನ್ ಗುಂಡುಕಲ್ಲಿನ ಹಾಗಿದೆ.

ಡಿಪೊ ಮ್ಯಾನೇಜರ್ ಅವಳನ್ನು ಕರೆಸಿದರು. "ಶುಕ್ರವಾರ ಇನ್ಸ್‌ಪೆಕ್ಟರ್ ಬರ್ತಾರೆ. ಆಗಲೂ ತಡ ಆದ್ರೆ ನಿಮ್ಮನ್ನ ಪಾಸ್ ಕೌಂಟರ್‌ಗೆ ಹಾಕ್ತೀನಮ್ಮ. ಮಗು ಚಿಕ್ಕದು, ನಿಮಗೂ ಅನುಕೂಲ."

ಹೊರಗೆ ಬಂದವಳ ಕಣ್ಣು ಕೆಂಪಾಗಿತ್ತು. "ನನ್ನ ಅನುಕೂಲ ಇವರಿಗ್ಯಾಕೆ ಅಣ್ಣ? ಆ ಗೂಡಲ್ಲಿ ಕೂರಿಸಿದ್ರೆ ಒಂದು ವಾರಾನೂ ಬದುಕಲ್ಲ ನಾನು. ಆದ್ರೆ ಎಲ್ಲಿ ತಡ ಆಗ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ."

ಅವಳಿಗೇ ಗೊತ್ತಿಲ್ಲ ಅಂದಮೇಲೆ ನನ್ನ ತಲೆಗೆ ಹುಳ ಬಿಟ್ಟ ಹಾಗಾಯಿತು. ಬುಧವಾರ ಟಿಕೆಟ್ ಕೊಡುತ್ತಲೇ ಬಸ್ಸನ್ನೆಲ್ಲ ಜಾಲಾಡಿದೆ. ಮೊದಲೆಲ್ಲ ಎರಡೂ ಕೈಯಲ್ಲಿ ಕಂಬಿ ಹಿಡಿದು ಗೊಣಗುತ್ತಿದ್ದ ಅಜ್ಜಿ ಈಗ ಆರಾಮಾಗಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಬ್ಯಾಂಕಿನ ಹುಡುಗಿ ನಿಂತುಕೊಂಡೇ ತುಟಿಗೆ ಬಣ್ಣ ಹಚ್ಚುತ್ತಿದ್ದಳು, ಒಂದಿಷ್ಟೂ ಆಚೀಚೆ ಆಗಿಲ್ಲ. ಹಿಂದಿನ ಸೀಟಿನಲ್ಲಿ ನಾಲ್ವರು ಸಾಲಾಗಿ ಗೊರಕೆ. ಬಿರುಗಾಳಿಯ ಬಸ್ಸಿನಲ್ಲಿ ಗೊರಕೆಯೇ! ಮುಂದೆ ಹೋಗಿ ಅವಳ ಕಾಲು ನೋಡಿದೆ. ಸ್ಟಾಪ್ ಇನ್ನೂ ಅಷ್ಟು ದೂರವಿದೆ, ಬ್ರೇಕಿನ ಮೇಲೆ ಪಾದ ಆಗಲೇ ಮೆಲ್ಲಗೆ ಇಳಿಯುತ್ತಿತ್ತು. ಇಪ್ಪತ್ತೆಂಟು ಸ್ಟಾಪಿನಲ್ಲೂ ಹಾಗೇ. ಒಂದೊಂದಕ್ಕೆ ಕಾಲು ನಿಮಿಷ ಹೋದರೂ ಏಳಾಯಿತು.

ಹೇಳಿದರೆ ನಂಬಲಿಲ್ಲ. "ನಾನಾ? ಹೋಗಣ್ಣ!" ಅಂದಳು. ಆಮೇಲೆ ತನ್ನ ಪಾದವನ್ನೇ ನೋಡಿಕೊಂಡಳು. "ಮಗಳನ್ನ ಹೆಗಲಿಗೆ ಹಾಕ್ಕೊಂಡು ಮನೆ ತುಂಬ ನಡೀತೀನಿ. ನಿದ್ದೆ ಹತ್ತಿದ ಮೇಲೆ ತಟ್ಟನೆ ನಿಂತ್ರೆ ಎದ್ಬಿಡ್ತಾಳೆ. ಅದಕ್ಕೆ ಗೋಡೆ ಬರೋ ಮುಂಚೇನೇ ನಿಧಾನ ಮಾಡ್ತೀನಿ."

ಆರು ತಿಂಗಳು ಮೈಗೆ ಹತ್ತಿದ್ದು ಒಂದು ದಿನದಲ್ಲಿ ಬಿಡುತ್ತದೆಯೇ? ಗುರುವಾರ ಹಲ್ಲು ಕಚ್ಚಿ ಓಡಿಸಿದಳು. ಆದರೂ ಐದು ನಿಮಿಷ ತಡ.

ಶುಕ್ರವಾರ ಇನ್ಸ್‌ಪೆಕ್ಟರ್ ಕೈಯಲ್ಲಿ ಗಡಿಯಾರ ಹಿಡಿದು, ಮುಖ ಗಂಟುಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ನಾಲ್ಕನೇ ಸ್ಟಾಪಿಗೆ ಕತ್ತು ವಾಲಿತು. ಆರನೆಯದಕ್ಕೆ ಬಾಯಿ ತೆರೆಯಿತು. ಕೊನೆಯ ಸ್ಟಾಪಿನಲ್ಲಿ ಆರು ನಿಮಿಷ ತಡ, ಆಸಾಮಿಗೆ ಎಚ್ಚರವೇ ಇಲ್ಲ. "ಟೈಮಿಗೆ ಸರಿಯಾಗಿ ಬಂದ್ವಿ ಅಂತ ನಾನು ಹೇಳ್ತೀನಿ, ನೀನು ಸುಮ್ನಿರು," ಅಂತ ಅವಳ ಕಿವಿಯಲ್ಲಿ ಉಸುರಿದೆ. ನನ್ನನ್ನು ದುರುಗುಟ್ಟಿ ನೋಡಿದಳು. ಹೋಗಿ ಅವರ ಭುಜ ಅಲುಗಿಸಿದಳು.

"ಸಾರ್, ಆರು ನಿಮಿಷ ತಡ, ಬರ್ಕೊಳ್ಳಿ. ವಾಪಸ್ ಹೋಗೋವಾಗ್ಲೂ ಕೂತ್ಕೊಳ್ಳಿ. ಆಮೇಲೆ ತೀರ್ಮಾನ ಮಾಡಿ."

ಆ ವಾಪಸ್ ಟ್ರಿಪ್ಪನ್ನು ಏನಂತ ಹೇಳಲಿ! ಯಾರದೋ ಚೀಲದ ಈರುಳ್ಳಿ ಬಾಗಿಲ ತನಕ ಉರುಳಿದವು. ನಿಂತವರು ಬೈದರು, ಕೂತವರೂ ಬೈದರು. ಇನ್ಸ್‌ಪೆಕ್ಟರ್ ಗಡಿಯಾರ ಜೇಬಿಗೆ ಹಾಕಿ ಎರಡೂ ಕೈಯಲ್ಲಿ ಕಂಬಿ ಹಿಡಿದರು. ಡಿಪೊ ಗೇಟು ದಾಟಿದಾಗ ಇನ್ನೂ ಒಂದು ನಿಮಿಷ ಬಾಕಿ ಇತ್ತು. "ಬಸ್ಸು ನಿಮ್ಮದೇ ಅಮ್ಮ," ಅಂದು ಅವರು ಜೋಪಾನವಾಗಿ ಮೆಟ್ಟಿಲು ಇಳಿದರು.

ನನಗೆ ಹಿಡಿಸಲಾರದಷ್ಟು ಖುಷಿ. ಓಡಿಹೋಗಿ ನೋಡಿದರೆ, ಇಂಜಿನ್ ಆರಿಸಿದ್ದರೂ ಅವಳು ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ನಲವತ್ತು ನಿಮಿಷ ಅಣ್ಣ," ಅಂದಳು. "ಮಗಳು ಒಂದ್ಸಲಾನೂ ನೆನಪಾಗ್ಲಿಲ್ಲ."

ಅವಳು ಫೋನ್ ತೆಗೆದು ತಾಯಿಗೆ ಕರೆ ಮಾಡಿದಳು. ಮಗು ಈಗಷ್ಟೇ ಮಲಗಿತು ಅಂತ ಆ ಕಡೆಯಿಂದ ಪಿಸುದನಿ ಕೇಳಿಸಿತು.

"ಪರವಾಗಿಲ್ಲ, ಎಬ್ಬಿಸಮ್ಮ," ಅಂದಳು.