ಕಲ್ಲಿನ ಬೆನ್ನ ಮೇಲಿನ ಹೆಸರುಗಳು

ಕಿಲ್‌ಡ್ರೋಹನ್ ಚರ್ಚಿನಲ್ಲಿ ನಿನಿಯನ್ ಟಾಷನಿಗೆ ಎರಡು ಕೆಲಸ. ವಾರವೆಲ್ಲ ಸತ್ತವರಿಗೆ ಗುಂಡಿ ತೋಡುವುದು, ಭಾನುವಾರ ಪಾದ್ರಿಗಿಂತ ಮುಂದೆ ನಡೆದು ಬೈಬಲನ್ನು ವೇದಿಕೆಯ ಮೇಲಿಡುವುದು. ಮೂವತ್ತು ವರ್ಷ ಎರಡನ್ನೂ ತಪ್ಪದೆ ಮಾಡಿದ.

ಗಂಟಲುಬೇನೆ ಬಂದ ವರ್ಷ ಒಂದೇ ವಾರದಲ್ಲಿ ಅವನ ಮೂರೂ ಹೆಣ್ಣುಮಕ್ಕಳು ಹೋದವು. ಗುಂಡಿಯನ್ನು ಅವನೇ ತೋಡಿದ, ಇನ್ನಾರು ತೋಡಬೇಕು? ಹೊಸ ಕಲ್ಲು ಹಾಕಿಸುವ ಶಕ್ತಿ ಇರಲಿಲ್ಲ. ಚರ್ಚಿನ ನೆಲ ಕಿತ್ತಾಗ ಹೊರಗೆಸೆದ ಹಳೆಯ ಸಮಾಧಿಗಲ್ಲೊಂದು ಗೋಡೆಯ ಬುಡದಲ್ಲಿ ಬಿದ್ದಿತ್ತು. ಒಂದು ಬದಿಗೆ ಕತ್ತಿ, ಗುರಾಣಿ, ಲ್ಯಾಟಿನ್ ಬರಹ. ಅದನ್ನು ಮಕ್ಕಳ ಗುಂಡಿಯ ಮೇಲೆ ಮಗುಚಿ ಹಾಕಿ, ಬೆನ್ನ ಮೇಲೆ ಉಳಿಯಿಂದ ಕೆತ್ತಿದ: ಐಸೊಬೆಲ್, ಮ್ಯಾರಿಯನ್, ಎಫಿ. ಆ ಸೀಮೆಯ ಬಡವರೆಲ್ಲ ಮಾಡುತ್ತಿದ್ದದ್ದೇ ಅದು. ಹೆಂಡತಿ ಗ್ರಿಜೆಲ್ ಪ್ರತಿ ಭಾನುವಾರ ಅಕ್ಷರಗಳೊಳಗಿನ ಪಾಚಿಯನ್ನು ಬೆರಳಿನಿಂದ ಕೆರೆದು ತೆಗೆಯುತ್ತಿದ್ದಳು.

ಹನ್ನೆರಡು ವರ್ಷದ ಮೇಲೆ ಎಡಿನ್‌ಬರೋದಿಂದ ಒಬ್ಬ ವಕೀಲ ಬಂದ. ಅವನನ್ನು ಕಳಿಸಿದ ದೊರೆಗೆ ತಾನು ಆರ್ಡ್ರೋಸಿಯ ಹಳೆಯ ಸರದಾರರ ಕುಡಿಯೆಂದು ಸಾಧಿಸಿ ಬಿರುದು ಪಡೆಯಬೇಕಿತ್ತು. ಹದಿನಾಲ್ಕು ತಲೆಮಾರು ಸಿಕ್ಕಿತ್ತು, ಒಂದೇ ಕೊಂಡಿ ಕಾಣೆ: ನಾಲ್ಕುನೂರು ವರ್ಷದ ಹಿಂದೆ ಸತ್ತ ಮಾಲಿಸ್ ಯಾರ ಮಗ? ಅದು ಅವನ ಸಮಾಧಿಗಲ್ಲಿನ ಮೇಲಿತ್ತಂತೆ.

"ಕತ್ತಿ, ಗುರಾಣಿ ಕೆತ್ತಿದ ಕಲ್ಲು ಎಲ್ಲಾದ್ರೂ ಕಂಡಿದ್ದೀಯೇನಪ್ಪ?"

"ಇಲ್ಲಿ ಕಲ್ಲಿಗೇನು ಬರ ಸ್ವಾಮಿ? ದೊರೆಗಳಿಗೇ ಬರ," ಎಂದ ನಿನಿಯನ್. ನಗಿಸಿ ಕಳಿಸಿದೆನೆಂದುಕೊಂಡ.

ಮನೆಯಲ್ಲಿ ಗ್ರಿಜೆಲ್ ಗಂಜಿ ಬಡಿಸುತ್ತ, "ಬಾಯಿ ಬಿಟ್ಟೀರಿ, ಜೋಕೆ. ನಮಗೆ ಉಳಿದಿರೋದು ಆ ಮೂರು ಹೆಸರು," ಎಂದಳು.

ವಕೀಲ ಹೋಗಲಿಲ್ಲ. ಚರ್ಚಿನ ಹಿರಿಯರನ್ನು ಕೂರಿಸಿ, ಅವರೆದುರು ಊರಿನ ಒಬ್ಬೊಬ್ಬರಿಂದಲೂ ಬೈಬಲ್ ಮುಟ್ಟಿಸಿ ಕೇಳಿದ. ನಿನಿಯನ್‌ನ ಸರದಿ ಬಂತು. ಮೂವತ್ತು ವರ್ಷ ಹೊತ್ತ ಪುಸ್ತಕ. ಅದರ ಮೇಲೆ ಕೈಯಿಟ್ಟು ಸುಳ್ಳಾಡುವುದು ಆ ಮನುಷ್ಯನಿಂದ ಆಗಲಿಲ್ಲ. ಆಡಿದ್ದರೆ ದೇವರು ಕ್ಷಮಿಸುತ್ತಿದ್ದನೆಂದೇ ನನಗನಿಸುತ್ತದೆ.

"ಇದೆ ಸ್ವಾಮಿ. ನನ್ನ ಮಕ್ಕಳ ಮೇಲಿದೆ."

ವಕೀಲ ಕೆಟ್ಟವನಲ್ಲ. ಬೇರೆ ಕಲ್ಲು ಹಾಕಿಸುವುದಾಗಿ ಮಾತು ಕೊಟ್ಟ, ಸಂತೋಷದಿಂದ ವಂಶವೃಕ್ಷವನ್ನೂ ಬಿಚ್ಚಿ ತೋರಿಸಿದ. ಕೆಲವು ಹೆಸರುಗಳ ಕೆಳಗೆ ಒಂದು ಗಿಡ್ಡ ಗೆರೆ, ಮುಂದೆ ಖಾಲಿ.

"ಇವರು?"

"ಮಕ್ಕಳುಮರಿ ಉಳೀದೆ ಹೋದವರು. ಅವರ ಮುಂದೆ ಬರೆಯೋಕೆ ಏನಿರುತ್ತೆ?"

ನಿನಿಯನ್ ಆ ಗೆರೆಯನ್ನೇ ನೋಡುತ್ತ ನಿಂತ. ಗ್ರಿಜೆಲ್ ಅಂದಿನಿಂದ ಅವನೊಡನೆ ಮಾತು ಬಿಟ್ಟಳು. ದೊರೆಗೆ ಬಿರುದು ಬಂತು. ಹೊಸ ಕಲ್ಲು ಬರಲೇ ಇಲ್ಲ.

ಹಳೆಯ ಕಲ್ಲನ್ನು ದೊರೆಯ ಪ್ರಾರ್ಥನಾಮಂದಿರದ ಗೋಡೆಗೆ ಕೂರಿಸಿದರು, ಕತ್ತಿ ಗುರಾಣಿ ಹೊರಕ್ಕೆ, ಹೆಸರುಗಳು ಗೋಡೆಯೊಳಕ್ಕೆ. ಕೂರಿಸುವ ಮುನ್ನ ಗಾರೆಯವನು ಕಲ್ಲಿನ ಬೆನ್ನಿಗೆ ಸುಣ್ಣದ ಗಾರೆ ಬಳಿಯಲು ಬಂದಾಗ, ಕಲ್ಲಿನ ಹಿಂದೆಯೇ ಬಂದಿದ್ದ ನಿನಿಯನ್ ಅವನ ಕೈಯಿಂದ ಕರಣೆ ತೆಗೆದುಕೊಂಡ. ಮೊದಲು ಎಫಿಯ ಮೇಲೆ ಬಳಿದ, ಆಮೇಲೆ ಮ್ಯಾರಿಯನ್, ಕೊನೆಗೆ ಐಸೊಬೆಲ್. ಅವರು ಸತ್ತದ್ದೂ ಅದೇ ಸರದಿಯಲ್ಲಿ.