ಖಾಲಿ ಬಿಡಬೇಕಿದ್ದ ಅಂಕಣ

ಮಾಸ್ಟರ ಮೂಗಿನ ಎರಡೂ ಬದಿಗೆ ಡೈವಿಂಗ್ ಮಾಸ್ಕಿನ ರಬ್ಬರು ಒತ್ತಿದ ಕೆಂಪು ಗೆರೆ, ನೀರಿಗೆ ಇಳಿಯದ ದಿನವೂ ಇರುತ್ತಿತ್ತು. ಪಾಠಕ್ಕೆ ಮೊದಲು ಜೀಪಿನಲ್ಲಿ ಕೂತು ಐದು ನಿಮಿಷ ಮಾಸ್ಕನ್ನು ಬಿಗಿದುಕೊಳ್ಳುತ್ತಾರೆಂಬುದನ್ನು ಎರಡನೇ ವಾರ ಕಣ್ಣಾರೆ ಕಂಡೆ. ಅವರ ಮೇಲಿನ ನನ್ನ ಗೌರವ ಅಲ್ಲಿಗೇ ಮುಗಿಯಿತು.

ಸೂಳಗಿರಿಯಾಚೆ, ಕಲ್ಲು ತೆಗೆದು ಬಿಟ್ಟ ಕ್ವಾರಿಯಲ್ಲಿ ನಿಂತ ನೀರೇ ಅವರ ಸಮುದ್ರ. ಜೊತೆಗಾರರಿಲ್ಲದೆ ಒಬ್ಬರೇ ಡೈವ್ ಮಾಡುವುದನ್ನು ಕಲಿಸಿ, ಅದಕ್ಕೆ ಸರ್ಟಿಫಿಕೇಟ್ ಕೊಡಿಸುತ್ತಿದ್ದರು. ಮಾಸ್ಕ್ ಎರಡು, ಚಾಕು ಎರಡು, ಗಾಳಿಯ ಸಿಲಿಂಡರ್ ಎರಡು. "ಎಲ್ಲಾ ಎರಡೆರಡು, ಮನುಷ್ಯ ಮಾತ್ರ ಒಬ್ನೇ ಕಣಮ್ಮ. ಜೊತೆಗಾರ ಅನ್ನೋನು ನೀರೊಳಗೂ ಒಂದು ಸಂಸಾರ." ಪ್ರತಿ ಹೊಸ ಬ್ಯಾಚಿಗೂ ಅದೇ ಮಾತು, ಅದೇ ನಗು.

ಅವರ ಸಂಸಾರ ದಡದ ಬಂಡೆಯ ಮೇಲೆ ಕೂತಿರುತ್ತಿತ್ತು. ಊಟ ಕೊಡಲು ಬರುತ್ತಾಳೆ ಎಂದು ಹೆಂಡತಿಯ ಬಗ್ಗೆ ನಮಗೆ ಹೇಳಿದ್ದರು. ಆಕೆ ಬಾರದ ದಿನ ಮಾತ್ರ ಮಾಸ್ಟರಿಗೆ ನೆಗಡಿಯಾಗುತ್ತಿತ್ತು, ನೀರಿಗೆ ಇಳಿಯುತ್ತಿರಲಿಲ್ಲ. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಉದ್ದನಪಲ್ಲಿ ಕಡೆಯವರು, ಬಾವಿಯ ಹೂಳೆತ್ತುವವರ ಮಗಳು. ಬಾವಿಗೆ ಇಳಿದವನ ಹಗ್ಗ ಹಿಡಿದವರು ಅವನು ಮೇಲೆ ಬರುವ ತನಕ ಮಾತಾಡಬಾರದು ಎಂಬುದು ಅವರ ಮನೆಯ ಕಟ್ಟಳೆ. ಒಮ್ಮೆ, ಮಾಸ್ಟರ್ ನೀರಿನಿಂದ ಎದ್ದು ಬಂದ ಮೇಲೆ, ಅಷ್ಟು ಹೊತ್ತು ಏನು ನೋಡುತ್ತೀರಿ ಎಂದು ಕೇಳಿದೆ. "ಇವ್ರಿಗೆ ಹಗ್ಗ ಕಟ್ಕೊಳ್ಳಾಕೆ ನಾಚ್ಕೆ ಕಣಮ್ಮ. ಅದ್ಕೇ ಉಸ್ರಿನ ಗುಳ್ಳೆ ನೋಡ್ತಾ ಕೂತ್ಕೊತೀನಿ."

ಕೊನೆಯ ಪರೀಕ್ಷೆಗೆ ನಾನು ಒಬ್ಬಳೇ ಇಳಿದು, ನೀರಿನಡಿಯಲ್ಲೇ ಎರಡನೇ ಸಿಲಿಂಡರಿಗೆ ಬದಲಾಯಿಸಿಕೊಂಡು ಮೇಲೆ ಬರಬೇಕಿತ್ತು. ತಳದಲ್ಲಿ ಹಳೆಯ ನೈಲಾನ್ ಹಗ್ಗವೊಂದು ಕಾಲಿಗೆ ಸುತ್ತಿಕೊಂಡಿತು. ಮೊದಲ ಚಾಕು ಕೈಜಾರಿತು. ಎರಡನೆಯದರಲ್ಲಿ ಹಗ್ಗ ಕತ್ತರಿಸಿ ಬಿಡಿಸಿಕೊಂಡೆ. ಕಣ್ಣು ಕಟ್ಟಿ, ಆ ಎರಡನೇ ಚಾಕುವನ್ನು ನನ್ನಿಂದ ನೂರು ಸಲ ಹೊರಗೆ ತೆಗೆಸಿದ್ದವರು ಮಾಸ್ಟರೇ. ಅಷ್ಟು ಋಣ ಒಪ್ಪಲೇಬೇಕು.

ಮೇಲೆ ಬಂದಾಗ ಅವರು ನೀರಿಗೆ ಬೆನ್ನು ಹಾಕಿ, ಫೋನಿನಲ್ಲಿ ಯಾರಿಗೋ ತಮಿಳಿನಲ್ಲಿ ಮುಂದಿನ ಬ್ಯಾಚಿನ ಹಿರಿಮೆ ಹೇಳುತ್ತಿದ್ದರು. ಅಕ್ಕ ಸೆರಗು ಸೊಂಟಕ್ಕೆ ಬಿಗಿದು, ಕೈಯಲ್ಲಿ ಹಗ್ಗದ ಸುರುಳಿ ಹಿಡಿದು ಎದೆಮಟ್ಟ ನೀರಿನಲ್ಲಿದ್ದರು. ನನ್ನ ಮುಖ ಕಂಡ ಮೇಲೆಯೇ ಬಾಯಿ ತೆರೆದರು. "ಗುಳ್ಳೆ ಒಂದೇ ಕಡೆ ನಿಂತ್ಬುಡ್ತು."

"ನೋಡ್ದ್ಯಾ, ಒಬ್ಳೇ ಬಂದ್ಬುಟ್ಟೆ," ಎಂದರು ಮಾಸ್ಟರ್, ಫೋನು ಜೇಬಿಗಿಟ್ಟು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಿಂಗೇನ್ಮೇ ಕೆಲ್ಸ ನೀರಲ್ಲಿ? ಸೀರೆ ಒಗೆಯಾಕಾ?"

ನನ್ನ ಡೈವ್ ಪುಸ್ತಕಕ್ಕೆ ಸಹಿ ಹಾಕಿ, ಜೊತೆಗಾರರ ಹೆಸರಿನ ಅಂಕಣ ಖಾಲಿ ಬಿಡಲು ಹೇಳಿದರು. ಅಲ್ಲಿ ಹೆಸರು ಬಿದ್ದರೆ ಪರೀಕ್ಷೆ ಪಾಸಾದಂತಲ್ಲ, ಸರ್ಟಿಫಿಕೇಟೂ ಬರದು. ಎರಡು ವರ್ಷದ ಭಾನುವಾರಗಳನ್ನೆಲ್ಲ ನಾನು ಆ ಕಾಗದಕ್ಕೇ ಸುರಿದಿದ್ದೆ.

ಮಾಸ್ಟರ್ ಹೋದ ವರ್ಷ ತೀರಿಕೊಂಡರು, ಮನೆಯ ಮಂಚದ ಮೇಲೆ, ಅಕ್ಕನ ಕೈ ಹಿಡಿದುಕೊಂಡು. ಅವರು ನಿಜಕ್ಕೂ ಒಬ್ಬರೇ ಮಾಡಿದ ಒಂದು ಕೆಲಸವೂ ನನಗೆ ನೆನಪಾಗುವುದಿಲ್ಲ.

ಪರೀಕ್ಷೆಯ ಮಾರನೆಯ ಬೆಳಿಗ್ಗೆ ನಾನು ಬಸ್ಸು ಹಿಡಿದು ಅವರ ಮನೆಗೆ ಹೋದೆ. ಅಕ್ಕ ಅಂಗಳದಲ್ಲಿ ಒಣಗಿದ ಹಗ್ಗ ಸುತ್ತುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಹೆಸರೇನೆಂದು ಕೇಳಿದೆ. ಪುಸ್ತಕ ತೆರೆದು, ಜೊತೆಗಾರರ ಅಂಕಣದಲ್ಲಿ ಅದನ್ನು ಪೆನ್ನಿನಿಂದ ಬರೆದೆ.